ಹೆಸರು ಬದಲಾಯಿಸಿದರೆ ಸಾಲದು, ವಕೀಲರೇ

2025ರ ಮೇನಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ವಕೀಲರ ಸಂಘದಲ್ಲಿ ಸಿಹಿ ಹಂಚಿದೆವು. ಕರಿಕೋಟು ಹಾಕಿಕೊಂಡು ಕೇಸು ನಡೆಸಿದವರು ಕನ್ನಡದ ಸಣ್ಣಕತೆ ಬರೆದು ಅಲ್ಲಿಗೆ ಮುಟ್ಟಿದರು ಅಂದರೆ ಯಾರಿಗೆ ಖುಷಿಯಾಗುವುದಿಲ್ಲ? ಅಲ್ಲಿಂದೀಚೆಗೆ ನನ್ನ ಆಫೀಸಿಗೆ ಕತೆ ಹಿಡಿದುಕೊಂಡು ಬರುವ ಜೂನಿಯರ್‌ಗಳು ಜಾಸ್ತಿಯಾಗಿದ್ದಾರೆ. ಬರಲಿ. ನನಗೂ ಅದು ಇಷ್ಟವೇ.

ಬಂದವರೆಲ್ಲ ಮೊದಲು ಕೇಳುವುದು ಒಂದೇ. ‘ಟೈಮ್ ಹೇಗೆ ಮಾಡ್ಕೋತೀರಿ ಮೇಡಂ?’ ಬೆಳಿಗ್ಗೆ ಐದರಿಂದ ಆರೂವರೆ. ಬೇಸಿಗೆ ರಜೆಯಲ್ಲಿ ಇನ್ನೂ ಸ್ವಲ್ಪ. ಮರುದಿನ ಪಾಟಿ ಸವಾಲು ಇದ್ದರೆ ಅವತ್ತು ಕತೆ ಇಲ್ಲ. ಇಷ್ಟೇ ನನ್ನ ಉತ್ತರ. ಬಾರ್ ಕೌನ್ಸಿಲ್‌ನವರು ಆಕ್ಷೇಪ ಎತ್ತುತ್ತಾರಾ ಅಂತ ಕೆಲವರಿಗೆ ಭಯ. ವಕೀಲರು ಬೇರೆ ವ್ಯಾಪಾರ ಮಾಡಬಾರದು ಅನ್ನುವ ನಿಯಮ ಇದೆ, ನಿಜ. ಆದರೆ ಪತ್ರಿಕೆಗೆ ಬರೆಯಲು, ಪಾಠ ಹೇಳಲು ಅದೇ ನಿಯಮಗಳ 51ರಲ್ಲಿ ಅವಕಾಶ ಕೊಟ್ಟಿದ್ದಾರೆ. ಕತೆ ಬರೆದಿದ್ದಕ್ಕೆ ಸನ್ನದು ಹೋಗಿದ್ದು ನಾನಂತೂ ಕೇಳಿಲ್ಲ. ಕತೆಯ ಕೆಳಗೆ ಆಫೀಸಿನ ವಿಳಾಸ, ಫೋನ್ ನಂಬರ್ ಮಾತ್ರ ಹಾಕಬೇಡಿ. ಅದನ್ನು ಜಾಹೀರಾತು ಅಂದುಬಿಡುತ್ತಾರೆ.

ಇದಾದ ಮೇಲೆ ಅವರು ತಂದ ಕತೆ ಓದುತ್ತೇನೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಕಸಿವಿಸಿ ಶುರುವಾಗುತ್ತದೆ. ‘ಇದು ನಿಮ್ಮ ಪಾರ್ಟಿಯ ವಿಷಯ ಅಲ್ವಾ?’ (ಕೋರ್ಟಿನ ಮಾತಿನಲ್ಲಿ ಪಾರ್ಟಿ ಅಂದರೆ ಕಕ್ಷಿದಾರರು) ಅಂತ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ‘ಹೆಸರು ಬದಲಾಯಿಸಿದ್ದೀನಲ್ಲ ಮೇಡಂ!’

ಇದೊಂದು ಮಾತಿಗಾಗಿಯೇ ಈ ಅಂಕಣ ಬರೆಯುತ್ತಿದ್ದೇನೆ. ಹೆಸರು ಬದಲಾಯಿಸಿದರೆ ಏನೂ ಬದಲಾಗುವುದಿಲ್ಲ.

ಇದು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಪ್ರಾಕ್ಟೀಸಿಗೆ ಬಂದು ಐದಾರು ವರ್ಷ ಆಗಿತ್ತು. ಒಬ್ಬ ಹೆಂಗಸಿನ ಪಾಲು ದಾವೆ ನಡೆಸಿದೆ. ಅಣ್ಣಂದಿರು ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೈಗಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆಕೆ ಆ ನೋಟುಗಳನ್ನು ಖರ್ಚು ಮಾಡಿರಲಿಲ್ಲ. ಅವರಮ್ಮನ ಹಳೇ ತಗಡಿನ ಡಬ್ಬಿಯಲ್ಲಿ ಹಾಗೇ ಇಟ್ಟುಕೊಂಡಿದ್ದರು. ಇದನ್ನು ನನಗೆ ಹೇಳಿದ್ದು ಒಂದು ಸಂಜೆ, ಫೈಲೆಲ್ಲ ಕಟ್ಟಿ ಆದ ಮೇಲೆ, ಬಾಗಿಲ ಹತ್ತಿರ ನಿಂತುಕೊಂಡು. ಮುಂದಿನ ವರ್ಷ ಕತೆ ಬರೆದೆ. ಹೆಸರು ಬೇರೆ, ಊರು ಬೇರೆ, ಜಾತಿ ಬೇರೆ. ಡಬ್ಬಿ ಮಾತ್ರ ಅದೇ. ಭಾನುವಾರದ ಪುರವಣಿಯಲ್ಲಿ ಬಂತು. ಓದಿದವರೆಲ್ಲ ಆ ಡಬ್ಬಿಯನ್ನೇ ಹೊಗಳಿದರು.

ಎರಡು ತಿಂಗಳಾದ ಮೇಲೆ ಆಕೆ ಬಂದರು. ನಾಲ್ಕು ಮಡಿಕೆ ಮಾಡಿದ ಪುರವಣಿಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಸರಿಮಾಡಿದರು. ಜಗಳ ಆಡಲಿಲ್ಲ. ‘ಮದುವೆ ಮನೇಲಿ ಅತ್ತಿಗೆ ಎಲ್ಲರೆದುರಿಗೆ ಕೇಳಿದಳು ಲಾಯರಮ್ಮ. ಡಬ್ಬೀಲಿ ಇನ್ನೂ ಎಷ್ಟು ಉಳಿದಿದೆ ಅಂತ’ ಅಂದರು. ಅವರಮ್ಮನ ಡಬ್ಬಿ ಆ ಮನೆಯವರಿಗೆಲ್ಲ ಗೊತ್ತಿದ್ದಿದ್ದೇ. ಕತೆಯಲ್ಲಿ ಹೆಸರು ಏನಿದ್ದರೆ ಅವರಿಗೇನು? ಮೇಲ್ಮನವಿಗೆ ಆಕೆ ಬೇರೆ ವಕೀಲರನ್ನು ಇಟ್ಟುಕೊಂಡರು. ನನ್ನದೇನೂ ಅಡ್ಡಿಯಿಲ್ಲ ಅಂತ ಸಹಿ ಹಾಕಿ ಫೈಲು ಕೊಟ್ಟೆ. ಆವತ್ತಿನ ನಾಚಿಕೆ ಈಗಲೂ ಹಾಗೇ ಇದೆ.

(ಇಲ್ಲಿ ಡಬ್ಬಿ ಅಂದಿದ್ದೇನೆ. ಅದು ಡಬ್ಬಿ ಅಲ್ಲ. ದಾವೆಯೂ ಪಾಲು ದಾವೆ ಅಲ್ಲ, ಸಂಬಂಧಗಳೂ ಬೇರೆ. ಎರಡನೇ ಸಲ ಅದೇ ತಪ್ಪು ಮಾಡಲಾರೆ.)

ಕಾನೂನು ಏನು ಹೇಳುತ್ತದೆ ಅನ್ನುವುದು ವಕೀಲರಿಗೆ ಗೊತ್ತೇ ಇರಬೇಕು. ಆದರೂ ಹೇಳುತ್ತೇನೆ. 1872ರ ಸಾಕ್ಷ್ಯ ಅಧಿನಿಯಮದ 126ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಆಗಿದೆ. ಕಕ್ಷಿದಾರ ನಮಗೆ ಹೇಳಿದ ಮಾತು, ನಮಗೆ ತೋರಿಸಿದ ಕಾಗದದಲ್ಲಿ ಇರುವುದು, ನಾವು ಕೊಟ್ಟ ಸಲಹೆ, ಇದ್ಯಾವುದನ್ನೂ ಅವರು ಸ್ಪಷ್ಟವಾಗಿ ಒಪ್ಪದೆ ಹೊರಗೆ ಬಿಡುವಂತಿಲ್ಲ. ವಕಾಲತ್ತು ಮುಗಿದ ಮೇಲೂ ಈ ಹೊಣೆ ಮುಗಿಯುವುದಿಲ್ಲ ಅಂತ ಅಲ್ಲೇ ಬರೆದಿದೆ. ವಿನಾಯಿತಿಗಳೂ ಇವೆ, ಆದರೆ ಕತೆ ಬರೆಯುವುದು ಅದರಲ್ಲಿ ಸೇರಿಲ್ಲ.

‘ಜಡ್ಜ್‌ಮೆಂಟ್ ವೆಬ್‌ಸೈಟಲ್ಲೇ ಇದೆ, ಯಾರು ಬೇಕಾದರೂ ಓದಬಹುದಲ್ಲ’ ಅನ್ನುತ್ತಾರೆ. ಜಡ್ಜ್‌ಮೆಂಟಿನಲ್ಲಿ ಇರುವುದು ಸರ್ವೆ ನಂಬರು, ಸಾಕ್ಷಿ ಹೇಳಿಕೆ, ತೀರ್ಪು. ತೆರೆದ ಕೋರ್ಟಿನಲ್ಲಿ ನಡೆದಿದ್ದನ್ನು ಊರೆಲ್ಲ ಕೇಳಿರುತ್ತದೆ. ಬಾಗಿಲ ಹತ್ತಿರ ನಿಂತು ಹೇಳಿದ ಮಾತನ್ನು ಕೇಳಿದ್ದು ನೀವೊಬ್ಬರೇ. ನಿಮ್ಮ ಕತೆಗೆ ಜೀವ ತುಂಬಿದ್ದು ಆ ಮಾತೇ ಹೊರತು ಜಡ್ಜ್‌ಮೆಂಟ್ ಅಲ್ಲ. ಇನ್ನು ಕೆಲವು ಪ್ರಕರಣಗಳಲ್ಲಿ ಇಷ್ಟೂ ಸಲಿಗೆ ಇಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ವಿಚ್ಛೇದನದ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು, ಅದರ ಸಂಗತಿಗಳನ್ನು ಅಚ್ಚು ಹಾಕಿಸುವಂತಿಲ್ಲ. ಅತ್ಯಾಚಾರದ ಸಂತ್ರಸ್ತೆಯ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಇದೆ, ಎರಡು ವರ್ಷದವರೆಗೆ ಶಿಕ್ಷೆ. ಅದರ ಮಾತನ್ನು ಗಮನವಿಟ್ಟು ಓದಿ. ಹೆಸರನ್ನಷ್ಟೇ ಅಲ್ಲ, ಗುರುತು ಗೊತ್ತಾಗಿಬಿಡುವಂಥ ಯಾವ ವಿಷಯವನ್ನೂ ಪ್ರಕಟಿಸಬಾರದು ಅನ್ನುತ್ತದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ಮನೆಯವರ ವಿವರ, ಶಾಲೆ, ನೆರೆಹೊರೆ. ಹೆಸರು ಮುಚ್ಚಿದರೆ ಮನುಷ್ಯ ಮುಚ್ಚಿಹೋಗುವುದಿಲ್ಲ ಅನ್ನುವುದು ಶಾಸನ ಬರೆದವರಿಗೆ ಗೊತ್ತಿತ್ತು. ಕತೆ ಬರೆಯುವ ನಮಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. ಒಂದು ಚಪ್ಪಲಿಯಿಂದ, ಒಂದು ಕೆಮ್ಮಿನಿಂದ ಇಡೀ ಮನುಷ್ಯನನ್ನು ಕಣ್ಣೆದುರಿಗೆ ತರುವವರು ನಾವೇ ಅಲ್ವಾ?

ಒಪ್ಪಿಗೆ ಕೇಳಿ ಬರೆಯಬಹುದಾ? ಬರೆಯಬಹುದು. ಆದರೆ ಕೇಸು ನಡೆಯುತ್ತಿರುವಾಗ ಕೇಳಬೇಡಿ. ಮುಂದಿನ ವಾಯಿದೆಗೆ ನೀವು ನಿಂತು ವಾದಿಸಬೇಕು ಅನ್ನುವ ಹೆಂಗಸು ನಿಮಗೆ ಹೇಗೆ ಇಲ್ಲ ಅಂದಾಳು? ಅವಳ ‘ಆಗಲಿ ಮೇಡಂ’ ಒಪ್ಪಿಗೆ ಅಲ್ಲ. ಕೇಸು ಮುಗಿದು, ಫೀಸಿನ ಲೆಕ್ಕ ಚುಕ್ತಾ ಆಗಿ, ನಿಮ್ಮಿಂದ ಏನೂ ಬೇಡದ ದಿನ ಕೇಳಿ. ಬರೆದಿದ್ದನ್ನು ಪೂರ್ತಿ ಓದಿ ಹೇಳಿ. ಅಷ್ಟಾದರೂ ಮಕ್ಕಳು, ಗಂಡನ ಮನೆಯವರು, ಎದುರು ಪಾರ್ಟಿ, ಇವರೆಲ್ಲ ಒಪ್ಪಿದಂತಾಗಲಿಲ್ಲ. ಪ್ರತಿ ಪ್ರಕರಣವೂ ಬೇರೆ. ನಾನು ಹೇಳಿದ್ದೇ ಕೊನೆ ಮಾತು ಅಂದುಕೊಳ್ಳದೆ ನಿಮ್ಮ ಸೀನಿಯರ್ ಹತ್ತಿರ ಒಮ್ಮೆ ಕೇಳಿ.

ಹಾಗಾದರೆ ಬರೆಯುವುದು ಏನನ್ನು ಅಂತ ಹುಡುಗರ ಮುಖ ಸಣ್ಣದಾಗುತ್ತದೆ. ಅಯ್ಯೋ, ಎಷ್ಟು ಬೇಕಾದರೂ ಇದೆ. ಅರಿಶಿನ ಕುಂಕುಮದ ದುಡ್ಡು ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ನಡೆದಿದೆ. ಅದು ಯಾವ ಒಬ್ಬ ಪಾರ್ಟಿಯ ಗುಟ್ಟೂ ಅಲ್ಲ. ಅಣ್ಣನ ಮೇಲೆ ಕೇಸು ಹಾಕಿದ ಮೇಲೆ ತವರಿಗೆ ಗೌರಿ ಹಬ್ಬಕ್ಕೆ ಹೋಗುವುದಾ ಬೇಡವಾ ಅನ್ನುವ ಸಂಕಟವೂ ಹಾಗೇ. ಆ ಸಂಕಟ ತಗೊಳ್ಳಿ. ಡಬ್ಬಿಯನ್ನು ನೀವೇ ಹುಟ್ಟಿಸಿ. ಹುಟ್ಟಿಸಲು ಕಷ್ಟ ಅನ್ನಿಸಿದರೆ ಕೋರ್ಟಿನ ಆವರಣದಲ್ಲಿ ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ. ಮೊನ್ನೆ ಒಬ್ಬ ಮುದುಕ ಬಾಳೆಹಣ್ಣು ಸುಲಿದು, ಅರ್ಧ ತಾನು ತಿಂದು, ಉಳಿದರ್ಧವನ್ನು ಎದುರು ಬೆಂಚಿನಲ್ಲಿ ಕೂತಿದ್ದವನಿಗೆ ಕೊಟ್ಟ. ಕೇಸು ಕೂಗಿದಾಗ ನೋಡಿದರೆ ಇವನು ವಾದಿ, ಅವನು ಪ್ರತಿವಾದಿ. ಅವರಿಬ್ಬರೂ ನನ್ನ ಪಾರ್ಟಿಗಳಲ್ಲ. ಮೊಗಸಾಲೆಯಲ್ಲಿ ಎಲ್ಲರೂ ನೋಡಿದ್ದು. ಅದರಲ್ಲೂ ಮುದುಕನ ಊರು, ಕೇಸು ನಂಬರು ನನಗೆ ಬೇಡ. ಬಾಳೆಹಣ್ಣು ಸಾಕು.

ಈಗ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಕತೆ ಮುಗಿದ ಮೇಲೆ ಮೊದಲು ಓದುವವರು ನಮ್ಮ ಗುಮಾಸ್ತರು. 132ನೇ ಕಲಂ ವಕೀಲರ ಗುಮಾಸ್ತರನ್ನೂ ಕಟ್ಟಿಹಾಕುತ್ತದೆ, ಹಾಗಾಗಿ ಅವರಿಗೆ ಕೊಡಲು ಅಂಜಿಕೆ ಇಲ್ಲ. ನಮ್ಮ ಆಫೀಸಿಗೆ ಬಂದ ಪ್ರತಿ ಪಾರ್ಟಿಯ ಊರು, ಮನೆತನ, ಬೀಗರು ಅವರ ಬಾಯಲ್ಲೇ ಇರುತ್ತಾರೆ. ‘ಇದು ಯಾರು ಹೇಳಿ’ ಅನ್ನುತ್ತೇನೆ. ಅವರು ಸರಿಯಾದ ಹೆಸರು ಹೇಳಿದರೆ ಕತೆ ಡ್ರಾಯರಿಗೆ ಹೋಗುತ್ತದೆ. ಹಾಗೆ ಹೋದ ನಾಲ್ಕು ಕತೆ ಅಲ್ಲೇ ಇವೆ. ಅದರಲ್ಲಿ ಒಂದು ನಾನು ಬರೆದದ್ದರಲ್ಲೇ ಒಳ್ಳೆಯ ಕತೆ.

ಈ ಸಲದ ದೀಪಾವಳಿ ವಿಶೇಷಾಂಕಕ್ಕೆ ಬರೆದಿದ್ದನ್ನೂ ಕೊಟ್ಟೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೊನೆಯ ಪುಟ ಇನ್ನೊಮ್ಮೆ ಓದಿದರು. ಮೂರು ಊರಿನ ಮೂರು ಜನರ ಹೆಸರು ಹೇಳಿದರು. ಮೂವರಲ್ಲಿ ಯಾರೂ ಅಲ್ಲ. ಮರುದಿನ ಕೋರ್ಟಿಗೆ ಹೋಗುವ ಮುಂಚೆ ಸಂಪಾದಕರಿಗೆ ಕಳಿಸಿದೆ.