ಜಗ್ಗದ ಬುಷ್ ಕಚ್ಚಿ ಹಿಡಿದಿರುವುದು ಯಾವುದನ್ನು?

ಮಲ್ಪೆಯಿಂದ ಮೀನು ಹೊತ್ತು ಘಟ್ಟ ಹತ್ತುವ ಹಳೆಯ ಪಿಕಪ್ ಲಾರಿಯ ಅಡಿಗೆ ಒಮ್ಮೆ ಬಗ್ಗಿ ನೋಡಿ. ಕರಗಿದ ಮಂಜುಗಡ್ಡೆಯ ಉಪ್ಪುನೀರು ವರ್ಷಗಟ್ಟಲೆ ತೊಟ್ಟಿಕ್ಕಿದ ಜಾಗದಲ್ಲಿ ಸ್ಪ್ರಿಂಗ್ ಪಟ್ಟಿಯ ತುದಿ ಬಳೆಯಂತೆ ಸುತ್ತಿಕೊಂಡಿರುತ್ತದೆ. ಆ ಬಳೆಯೊಳಗೆ ಕೂತಿರುವುದೇ ಬುಷ್: ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ರಬ್ಬರ್ ಹರಿದರೆ ಪ್ರತಿ ಗುಂಡಿಗೂ ಲೋಹಕ್ಕೆ ಲೋಹ ಬಡಿಯುವ ಸದ್ದು ಕೇಳುತ್ತದೆ. ಹೊಸದನ್ನು ಕೊಳ್ಳುವುದು ಸುಲಭ, ಹಳೆಯದನ್ನು ಹೊರಗೆ ತೆಗೆಯುವುದರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ.

ಬುಷ್ ಅನ್ನು ಹಿಡಿದಿಟ್ಟುಕೊಂಡಿರುವುದು ಎರಡು ಬೇರೆ ಬೇರೆ ಹಿಡಿತಗಳು. ಮೊದಲನೆಯದು ಎತ್ತಿನ ಗಾಡಿ ಕಂಡವರಿಗೆ ಹೊಸದಲ್ಲ. ಚಕ್ರಕ್ಕಿಂತ ಕೊಂಚ ಚಿಕ್ಕದಾದ ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಮರವನ್ನು ಅವುಚಿಕೊಳ್ಳುತ್ತದೆ. ಬುಷ್‌ನ ಹೊರಕೊಳವೆಯೂ ತಾನು ಕೂರುವ ತೂತಿಗಿಂತ ಕೂದಲೆಳೆಯಷ್ಟು ದಪ್ಪ. ಒತ್ತಿ ಕೂರಿಸಿದಾಗ ಸುತ್ತಲಿನ ಬಳೆ ಹಿಗ್ಗಿ ಅದನ್ನು ಬಿಗಿಯುತ್ತದೆ. ಎರಡನೆಯ ಹಿಡಿತ ತುಕ್ಕಿನದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಸಂದಿಯಲ್ಲಿ ಹುಟ್ಟಿದ ತುಕ್ಕಿಗೆ ಹೊರಗೆ ಹೋಗಲು ದಾರಿಯಿಲ್ಲ, ಅಲ್ಲೇ ಉಬ್ಬಿ ಬೆಣೆಯಾಗುತ್ತದೆ. ಉಪ್ಪು ನೀರನ್ನು ಒಳ್ಳೆಯ ವಿದ್ಯುದ್ವಾಹಕವಾಗಿಸುವುದರಿಂದ ಈ ಕ್ರಿಯೆಗೆ ವೇಗ ಸಿಗುತ್ತದೆ.

ಇನ್ನು ಸುತ್ತಿಗೆ. ಒಳಕೊಳವೆಗೆ ಎಷ್ಟು ಬಡಿದರೂ ಹೊರಕೊಳವೆ ಅಲುಗುವುದಿಲ್ಲ. ರಸ್ತೆಯ ಪೆಟ್ಟನ್ನು ನುಂಗಲೆಂದೇ ಇಟ್ಟ ರಬ್ಬರ್ ನಿಮ್ಮ ಪೆಟ್ಟನ್ನೂ ನುಂಗುತ್ತದೆ. ಆದ್ದರಿಂದ ಮೊದಲು ಹೋಗಬೇಕಾದದ್ದು ರಬ್ಬರ್. ಅನೇಕರು ಗ್ಯಾಸ್ ಜ್ವಾಲೆಯಿಂದ ಅದನ್ನು ಸುಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್ ಉರಿದಾಗ ಬರುವ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇರುತ್ತದೆ, ಅದನ್ನು ಉಸಿರಾಡುವವನು ಗಾಡಿಯಡಿ ಮಲಗಿದ ಹುಡುಗ. ಮೇಲಾಗಿ ಸ್ಪ್ರಿಂಗ್ ಪಟ್ಟಿಯ ಗುಣ ಇರುವುದು ಅದಕ್ಕೆ ಕೊಟ್ಟ ಹದದಲ್ಲಿ. ಕೆಂಪಗೆ ಕಾಯಿಸಿದರೆ ಆ ಹದ ಕೆಡುತ್ತದೆ, ಪಟ್ಟಿ ಹೊರೆ ತಾಳುವುದಿಲ್ಲ. ಡ್ರಿಲ್‌ನಿಂದ ರಬ್ಬರಿನ ಸುತ್ತ ತೂತು ಕೊರೆದು ಒಳಕೊಳವೆಯನ್ನು ಈಚೆ ತಳ್ಳುವುದು ನಿಧಾನವಾದರೂ ಸರಿಯಾದ ದಾರಿ.

ಉಳಿದ ಹೊರಕೊಳವೆಯನ್ನು ಒಂದೇ ಒಂದು ಗೀರು ಸೋಲಿಸುತ್ತದೆ. ಗರಗಸದ ಬ್ಲೇಡನ್ನು ತೂತಿನೊಳಗೆ ತೂರಿಸಿ ಚೌಕಟ್ಟಿಗೆ ಕಟ್ಟಿ, ಕೊಳವೆಯನ್ನು ಉದ್ದಕ್ಕೂ ಕೊಯ್ಯಬೇಕು. ಕೊಳವೆಗೆ ಬಲವಿರುವುದು ಅದು ಮುಚ್ಚಿದ ಉಂಗುರವಾಗಿರುವುದರಿಂದ. ಒಂದು ಕಡೆ ಸೀಳಿದೊಡನೆ ಸುತ್ತಲಿನ ಒತ್ತಡಕ್ಕೆ ಅದು ಒಳಮುಖವಾಗಿ ಮಣಿಯುತ್ತದೆ, ಉಳಿಯ ನಾಲ್ಕು ಪೆಟ್ಟಿಗೆ ಮಡಚಿಕೊಂಡು ಹೊರಬರುತ್ತದೆ. ಕೊನೆಯ ಎಳೆಯಷ್ಟು ಲೋಹವನ್ನು ಕೊಯ್ಯದೆ ಬಿಡಿ. ಬ್ಲೇಡ್ ಪಟ್ಟಿಗೆ ತಾಗಿದರೆ ಆ ಗೀರಿನಿಂದಲೇ ಮುಂದೊಂದು ದಿನ ಬಿರುಕು ಬೆಳೆಯುತ್ತದೆ.

ಹೊಸ ಬುಷ್ ಅನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಡುವ ರೂಢಿಯಿದೆ. ಲೆಕ್ಕ ಹಾಕೋಣ: ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಕುಗ್ಗುತ್ತದೆ. 40 ಮಿಲಿಮೀಟರ್ ಅಡ್ಡಳತೆಯ ಕೊಳವೆ 50 ಡಿಗ್ರಿ ತಣ್ಣಗಾದರೆ 24 ಮೈಕ್ರಾನ್, ಅಂದರೆ ಕೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ. ಸ್ವಲ್ಪವೇ ಆದರೂ ಬಿಗಿ ಸಡಿಲಿಸಲು ನೆರವಾಗುತ್ತದೆ. ಬರೀ ರಬ್ಬರಿನ ಬುಷ್ ಆದರೆ ಸೋಪುನೀರು ಹಚ್ಚಿ. ಎಂಜಿನ್ ಆಯಿಲ್ ಬೇಡ, ಸಹಜ ರಬ್ಬರ್ ಅದನ್ನು ಹೀರಿ ಊದಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ಕೊನೆಯಲ್ಲಿ ಎಡವುವವರು ಬಹಳ. ಗಾಡಿ ಜಾಕಿಯ ಮೇಲೆ ನೇತಾಡುತ್ತಿರುವಾಗಲೇ ಒಳಕೊಳವೆಯೊಳಗೆ ಹಾಯುವ ಬೋಲ್ಟ್ ಬಿಗಿದರೆ ಒಳಕೊಳವೆ ಆ ಕೋನದಲ್ಲೇ ಬಂಧಿಯಾಗುತ್ತದೆ. ಚಕ್ರ ನೆಲಕ್ಕಿಳಿದು ಪಟ್ಟಿ ಬಾಗಿದಾಗ ರಬ್ಬರ್ ತಿರುಚಿಕೊಳ್ಳುತ್ತದೆ, ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ಆ ತಿರುಚು ಬಿಡುವುದಿಲ್ಲ. ಬೋಲ್ಟನ್ನು ಕೈಬಿಗಿಯಲ್ಲೇ ಬಿಟ್ಟು, ಗಾಡಿಯನ್ನು ಇಳಿಸಿ, ನಾಲ್ಕು ಚಕ್ರದ ಮೇಲೆ ಅದರ ಭಾರ ಕೂತ ಮೇಲೆಯೇ ಪಾನಾ ಹಾಕಿ ಪೂರ್ತಿ ಬಿಗಿಯಿರಿ.