ಟೀಮ್ ಪ್ರಾಜೆಕ್ಟ್ ಟಿಪ್ಪಣಿ: ಹೇಳಿದ್ದು ಬೇರೆ, ಬರೆದಿಟ್ಟಿದ್ದು ಬೇರೆ

ಮೊದಲು ಸಣ್ಣ ಲೆಕ್ಕ. ಟೀಮಿನಲ್ಲಿ ನಾಲ್ಕು ಜನ ಇದ್ದರೆ ಇಬ್ಬಿಬ್ಬರು ಮಾತಾಡಿಕೊಳ್ಳುವ ಜೋಡಿಗಳು 6. ಹತ್ತು ಜನ ಆದರೆ 45. ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿ, ಅಷ್ಟೇ. ಮಾತು ಒಂದೇ ಕಡೆ ಇರದಿದ್ದರೆ ಈ 45 ದಾರಿಗಳಲ್ಲಿ ಎಲ್ಲಿ ಬೇಕಾದರೂ ಕಳೆದುಹೋಗಬಹುದು.

ಉದಾಹರಣೆಗೆ ಮಂಗಳ ಗ್ರಹವನ್ನು ಸುತ್ತಬೇಕಿದ್ದ ನಾಸಾದ ನೌಕೆ, ಮಾರ್ಸ್ ಕ್ಲೈಮೇಟ್ ಆರ್ಬಿಟರ್. 1998ರ ಡಿಸೆಂಬರ್ 11ರಂದು ಹೊರಟ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳದ ಮರೆಗೆ ಹೋಯಿತು, ಮತ್ತೆ ಸಿಗ್ನಲ್ ಬರಲಿಲ್ಲ. ಒಂದು ಸಾಫ್ಟ್‌ವೇರ್ ಥ್ರಸ್ಟರ್ (ನೌಕೆಯ ಸಣ್ಣ ಎಂಜಿನ್) ತಳ್ಳುವ ಲೆಕ್ಕವನ್ನು ಪೌಂಡ್‌ನಲ್ಲಿ ಕೊಟ್ಟಿತ್ತು, ಬಳಸುವವರು ನ್ಯೂಟನ್ ಅಂದುಕೊಂಡಿದ್ದರು. ವ್ಯತ್ಯಾಸ 4.45 ಪಟ್ಟು. ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿ.ಮೀ.ಗೆ ಇಳಿದಿತ್ತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಮಗೆ ಬೇಕಾದ ಪಾಠ ಇರುವುದು ಮುಂದೆ. ಮೊದಲ ನಾಲ್ಕು ತಿಂಗಳು ಆ ಸಾಫ್ಟ್‌ವೇರ್ ಕೊಡುತ್ತಿದ್ದ ಫೈಲುಗಳನ್ನೇ ಬಳಸಲು ಆಗುತ್ತಿರಲಿಲ್ಲ. ಥ್ರಸ್ಟರ್ ಯಾವಾಗ ಉರಿಯಿತು ಅನ್ನುವುದು ಈಮೇಲ್‌ನಲ್ಲಿ ಬರುತ್ತಿತ್ತು, ನೌಕೆಯ ದಾರಿ ನೋಡುವ ಟೀಮ್ ತಾನೇ ಲೆಕ್ಕ ಹಾಕುತ್ತಿತ್ತು. ಏಪ್ರಿಲ್‌ನಲ್ಲಿ ಫೈಲ್ ಸರಿಹೋದ ಮೇಲೆ ಅಂಕಿಗಳು ಯಾಕೋ ಸರಿ ಕಾಣುತ್ತಿಲ್ಲ ಅಂತ ಅವರಿಗೆ ಅನ್ನಿಸಿತು. ಗಮನಿಸಿ, ಅನ್ನಿಸಿತ್ತು! ಆದರೆ ಅದನ್ನು ಈಮೇಲ್‌ನಲ್ಲೇ ಬಗೆಹರಿಸಲು ನೋಡಿದರು. ಇಂಥ ತೊಂದರೆಗಳನ್ನು ಬರೆದಿಡಲೆಂದೇ ಇದ್ದ ಐಎಸ್‌ಎ ಅನ್ನುವ ಫಾರ್ಮ್ ತುಂಬಲಿಲ್ಲ. ತನಿಖಾ ಮಂಡಳಿ ಇದನ್ನು ಬಿಡಿಸಿ ಹೇಳಿದೆ. ಮೇಲ್ ಕೆಳಗೆ ಸರಿದುಹೋಗುತ್ತದೆ. ಫಾರ್ಮಿಗಾದರೆ ಒಂದು ನಂಬರ್ ಇರುತ್ತದೆ, ಯಾರಾದರೂ ಮುಗಿಸುವವರೆಗೂ ಅದು ಬಾಕಿ ಅಂತಲೇ ಕಾಣುತ್ತದೆ.

ನಗಬೇಡಿ, ನಾವೂ ಇದನ್ನೇ ಮಾಡಿದ್ದೇವೆ. ಫೈನಲ್ ಇಯರ್‌ನಲ್ಲಿ ಮಣ್ಣಿನ ತೇವ ನೋಡಿ ಪಂಪ್ ಹಾಕುವ ಪ್ರಾಜೆಕ್ಟ್ (ಮಣ್ಣು ಒಣಗಿದಷ್ಟೂ ಸೆನ್ಸರ್ ಅಂಕಿ ಏರುತ್ತದೆ). ಪಂಪ್ ಶುರುವಾಗುವ ಮಟ್ಟವನ್ನು 400ರಿಂದ 550ಕ್ಕೆ ಏರಿಸೋಣ ಅಂತ ಕ್ಯಾಂಟೀನಲ್ಲಿ ತೀರ್ಮಾನ ಆಯಿತು. ಗ್ರೂಪಿಗೆ ಹೋಗಿದ್ದು ಒಂದು ವಾಯ್ಸ್ ನೋಟ್. ಅದನ್ನು ಹುಡುಕೋಕೂ ಆಗಲ್ಲ, ಅಲ್ವಾ? ಕೋಡ್‌ನಲ್ಲಿ 550, ರಿಪೋರ್ಟಿನಲ್ಲಿ 400. ವೈವಾದಲ್ಲಿ ಎಕ್ಸಾಮಿನರ್ ಮೊದಲು ಕೇಳಿದ್ದೇ ಅದನ್ನು.

ಆಮೇಲೆ ಒಂದು ಶೀಟ್ ಮಾಡಿದೆವು. ನಂಬರ್, ವಿಷಯ, ಯಾರು ನೋಡಬೇಕು, ಯಾವತ್ತಿನೊಳಗೆ, ಮುಗಿಯಿತಾ. ‘ಸೆನ್ಸರ್ ಪ್ರಾಬ್ಲಮ್’ ಅಂತ ಸುಮ್ನೆ ಬರೆದರೆ ಯಾರೂ ಮುಟ್ಟುವುದಿಲ್ಲ. ‘ಎರಡನೇ ಸೆನ್ಸರ್ ಒಣ ಮಣ್ಣಲ್ಲೂ 300 ತೋರಿಸುತ್ತಿದೆ, ವೈರ್ ನೋಡಿ’ ಅಂತ ಬರೆದರೆ ಅವತ್ತೇ ಆಗುತ್ತದೆ. ಮಾತು ವಾಟ್ಸಾಪಲ್ಲಿ ಎಷ್ಟಾದರೂ ಆಗಲಿ, ತೀರ್ಮಾನ ಮಾತ್ರ ಶೀಟಿಗೆ. ‘ಮುಗಿಯಿತು’ ಅಂತ ಹಾಕುವುದು ತೊಂದರೆ ಎತ್ತಿದವರೇ.

ಇನ್ನೊಂದು. ಐಎಸ್‌ಎ ಅಂದರೆ ಇನ್ಸಿಡೆಂಟ್, ಸರ್‌ಪ್ರೈಸ್, ಅನಾಮಲಿ; ನಡುವಿನ ‘ಎಸ್’ ಸರ್‌ಪ್ರೈಸ್. ಇದೇನಿದು ಹೀಗಿದೆ ಅನ್ನಿಸಿದರೂ ಸಾಕು, ಫಾರ್ಮ್ ತುಂಬಬಹುದು. ನಮ್ಮ ಶೀಟಿನಲ್ಲಿ ಅದಕ್ಕಂತ ಒಂದು ಗುರುತು ಇಟ್ಟೆವು: ಸಾಲಿನ ಮುಂದೆ ಬರೀ ಒಂದು ಪ್ರಶ್ನೆ ಚಿಹ್ನೆ. ಜಾಸ್ತಿ ತುಂಬಿದ್ದು ಅಂಥ ಸಾಲುಗಳೇ.