ಕಲ್ಲಿನ ಕೋಣೆಯಲ್ಲಿ ಕತ್ತರಿಸಿದ ಸದ್ದು

1981ರ ಫೆಬ್ರುವರಿಯಲ್ಲಿ ಹೊರಬಂದ 'ಫೇಸ್ ವ್ಯಾಲ್ಯೂ' ಆಲ್ಬಮ್ಮಿನ ಮೊದಲ ಹಾಡು 'ಇನ್ ದಿ ಏರ್ ಟುನೈಟ್'. ಹಾಡಿದವರು ಫಿಲ್ ಕಾಲಿನ್ಸ್; ಹತ್ತು ವರ್ಷಗಳಿಂದ ಜೆನೆಸಿಸ್ ಎಂಬ ಇಂಗ್ಲಿಷ್ ರಾಕ್ ತಂಡದ ಡ್ರಮ್ಮರ್ ಆಗಿದ್ದವರು. ಆದರೂ ತಮ್ಮ ಮೊದಲ ಸ್ವತಂತ್ರ ಆಲ್ಬಮ್ಮಿನ ಈ ಮೊದಲ ಹಾಡಿನಲ್ಲಿ ಮೂರೂವರೆ ನಿಮಿಷಗಳಿಗೂ ಹೆಚ್ಚು ಕಾಲ ಅವರು ಡ್ರಮ್ಮನ್ನು ಮುಟ್ಟುವುದಿಲ್ಲ. ರೋಲ್ಯಾಂಡ್ ಸಿಆರ್-78 ಎಂಬ ತಾಳಯಂತ್ರ ಮೆಲ್ಲಗೆ ಮಿಡಿಯುತ್ತಿರುತ್ತದೆ, ಅದರ ಮೇಲೆ ಸಿಂಥಸೈಜರಿನ ಮಂಕು ಸ್ವರಗಳು ಹರಡಿಕೊಂಡಿರುತ್ತವೆ. ಸುಮಾರು 3 ನಿಮಿಷ 40 ಸೆಕೆಂಡಿನ ಹೊತ್ತಿಗೆ ಒಮ್ಮೆಲೇ ಡ್ರಮ್ಮುಗಳು ಬಂದು ಅಪ್ಪಳಿಸುತ್ತವೆ. ಆ ಸದ್ದು ದೊಡ್ಡ ಗುಹೆಯೊಳಗಿನಿಂದ ಬಂದಷ್ಟು ವಿಶಾಲವಾಗಿದೆ. ಆದರೆ ಪ್ರತಿ ಪೆಟ್ಟಿನ ಬೆನ್ನಿಗೇ ಆ ಗುಹೆ ಮಾಯವಾಗಿಬಿಡುತ್ತದೆ. ನಿಸರ್ಗದಲ್ಲಿ ಎಲ್ಲೂ ಕೇಳಸಿಗದ ಈ ಸದ್ದು ಹುಟ್ಟಿದ ಬಗೆಯನ್ನು ತಿಳಿದರೆ ಕಾಲಿನ್ಸ್ ಅವರ ವೃತ್ತಿಜೀವನದ ತಿರುವೂ ಅರ್ಥವಾಗುತ್ತದೆ.

ಖಾಲಿ ಕಲ್ಯಾಣಮಂಟಪದಲ್ಲಿ ಚಪ್ಪಾಳೆ ತಟ್ಟಿದವರಿಗೆ ಅನುರಣನದ ಅನುಭವ ಇದ್ದೇ ಇರುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುವ ಸದ್ದು ಗೋಡೆ, ನೆಲ, ಚಾವಣಿಗಳಿಗೆ ಬಡಿದು ಮತ್ತೆ ಮತ್ತೆ ಮರಳುತ್ತದೆ. ಹೀಗೆ ಮರಳಿದ ಸಾವಿರಾರು ಅಲೆಗಳು ಒಂದರೊಳಗೊಂದು ಬೆರೆತು, ಪ್ರತಿ ಬಡಿತದಲ್ಲೂ ಸ್ವಲ್ಪ ಶಕ್ತಿಯನ್ನು ಕಳೆದುಕೊಳ್ಳುತ್ತ ನಿಧಾನವಾಗಿ ಕರಗುತ್ತವೆ. ಸದ್ದು 60 ಡೆಸಿಬೆಲ್‌ನಷ್ಟು ಇಳಿಯಲು, ಅಂದರೆ ಅದರ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಾಗಲು, ತಗಲುವ ಅವಧಿಯನ್ನು ವಿಜ್ಞಾನಿಗಳು ಅನುರಣನ ಕಾಲ ಎನ್ನುತ್ತಾರೆ. ಪರದೆ, ಗಾದಿ, ಜನರ ಮೈ ಸದ್ದನ್ನು ಹೀರಿಕೊಳ್ಳುತ್ತವೆ. ಕಲ್ಲು ಬಹುಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ನಾವು ಎಷ್ಟು ದೊಡ್ಡ ಜಾಗದಲ್ಲಿದ್ದೇವೆ ಎಂದು ಕಿವಿ ಅಂದಾಜು ಮಾಡುವುದು ಬಹುಮಟ್ಟಿಗೆ ಈ ಕರಗುವಿಕೆಯನ್ನು ಗಮನಿಸಿಯೇ.

1979ರಲ್ಲಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಇಂಥದೊಂದು ಕಲ್ಲಿನ ಕೋಣೆಯಿತ್ತು. ಜೆನೆಸಿಸ್ ತಂಡವನ್ನು ಬಿಟ್ಟಿದ್ದ ಗಾಯಕ ಪೀಟರ್ ಗೇಬ್ರಿಯಲ್ ಅಲ್ಲಿ ತಮ್ಮ ಮೂರನೆಯ ಆಲ್ಬಮ್ಮನ್ನು ಮುದ್ರಿಸುತ್ತಿದ್ದರು, ಕಾಲಿನ್ಸ್ ಹಳೆಯ ಗೆಳೆಯನಿಗಾಗಿ ಡ್ರಮ್ ಬಾರಿಸುತ್ತಿದ್ದರು. ಸ್ಟೀವ್ ಲಿಲಿವೈಟ್ ನಿರ್ಮಾಪಕರು, ಹ್ಯೂ ಪ್ಯಾಜಮ್ ಧ್ವನಿ ಇಂಜಿನಿಯರ್. ಸ್ಟುಡಿಯೊದಲ್ಲಿರುವ ಕಲಾವಿದರು ಆಡುವ ಮಾತು ಗಾಜಿನ ಆಚೆಗಿರುವ ಇಂಜಿನಿಯರಿಗೆ ಕೇಳಿಸಲೆಂದು ಚಾವಣಿಯಿಂದ ಒಂದು ಮೈಕ್ ತೂಗುಹಾಕಿದ್ದರು. ಅದು ಮಾತಿಗೆ ಮೀಸಲಾದ ಮೈಕ್, ಮುದ್ರಣಕ್ಕಲ್ಲ. ಮೂಲೆಯಲ್ಲಿ ನಿಂತವರ ಪಿಸುಮಾತೂ ಹತ್ತಿರದವರ ಗಟ್ಟಿ ದನಿಯೂ ಒಂದೇ ಮಟ್ಟದಲ್ಲಿ ಕೇಳಲೆಂದು ಅದಕ್ಕೆ ಬಲವಾದ ಕಂಪ್ರೆಸರ್ ಜೋಡಿಸಿತ್ತು. ಕಂಪ್ರೆಸರ್ ಜೋರಾದ ಸದ್ದನ್ನು ಅದುಮುತ್ತದೆ. ಅದುಮಿದ ಮೇಲೆ ಒಟ್ಟು ಮಟ್ಟವನ್ನು ಏರಿಸಿದಾಗ ಕ್ಷೀಣವಾದ ಸದ್ದೂ ಮೇಲೆದ್ದು ಬರುತ್ತದೆ. ಕಾಲಿನ್ಸ್ ಬಾರಿಸುತ್ತಿದ್ದಾಗ ಆ ಮೈಕಿನ ಗುಂಡಿ ಒತ್ತಿದ್ದರಿಂದ ಡ್ರಮ್ಮಿನ ಸದ್ದು ಅದರ ಮೂಲಕ ಹಾದುಬಂತು. ಪೆಟ್ಟಿನ ಮೊನೆ ಮೊಂಡಾಗಿ, ಕಲ್ಲಿನ ಕೋಣೆಯ ಅನುರಣನವೇ ಉಬ್ಬಿ ನಿಂತಿತ್ತು. ಕೇಳಿದವರೆಲ್ಲ ಬೆರಗಾದರು. ಆ ಮೈಕಿನ ಸದ್ದನ್ನೂ ಮುದ್ರಿಸಿಕೊಳ್ಳಲು ಸಾಧ್ಯವಾಗುವಂತೆ ಕನ್ಸೋಲಿನ, ಅಂದರೆ ಇಂಜಿನಿಯರ್ ಸದ್ದುಗಳನ್ನು ಹೊಂದಿಸುವ ನಿಯಂತ್ರಣ ಫಲಕದ, ತಂತಿಗಳನ್ನು ಬದಲಿಸಲಾಯಿತು.

ಇಷ್ಟೇ ಆಗಿದ್ದರೆ ಅದು ಗದ್ದಲವಾಗಿ ಉಳಿಯುತ್ತಿತ್ತೇನೋ. ಅವರು ಆ ಸದ್ದಿನ ದಾರಿಯಲ್ಲಿ ನಾಯ್ಸ್ ಗೇಟ್ ಎಂಬ ಇನ್ನೊಂದು ಉಪಕರಣವನ್ನೂ ಇಟ್ಟರು. ಇದು ಬಾಗಿಲಿನಂತೆ: ಸದ್ದು ನಿಗದಿತ ಮಟ್ಟಕ್ಕಿಂತ ಮೇಲಿರುವಷ್ಟು ಹೊತ್ತು ತೆರೆದಿರುತ್ತದೆ, ಇಳಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ದೊಡ್ಡ ಕೋಣೆಯ ಅನುರಣನ ತುಂಬಿ ಬರುತ್ತಿರುವಾಗಲೇ ಬಾಗಿಲು ಬಿದ್ದರೆ ಕಿವಿಗೆ ಎರಡು ಸುದ್ದಿಗಳು ಒಟ್ಟಿಗೆ ತಲುಪುತ್ತವೆ: ಜಾಗ ಬಹಳ ದೊಡ್ಡದು, ಜಾಗವೇ ಇಲ್ಲ. ಗೇಬ್ರಿಯಲ್ ಆ ಆಲ್ಬಮ್ಮಿನಲ್ಲಿ ಸಿಂಬಲ್ ಬೇಡವೆಂದಿದ್ದೂ ಈ ಪ್ರಯೋಗಕ್ಕೆ ಒದಗಿಬಂತು. ಬಹಳ ಹೊತ್ತು ಝೇಂಕರಿಸುವ ಕಂಚಿನ ತಟ್ಟೆ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಪೆಟ್ಟು ಪೆಟ್ಟಿನ ನಡುವೆ ಹೀಗೆ ಉಳಿದ ನಿಶ್ಶಬ್ದದಲ್ಲಿ ಗಾಯಕನ ದನಿಗೆ ಜಾಗ ಸಿಕ್ಕಿತು. ಕಾಲಿನ್ಸ್ ತಮ್ಮ ಆಲ್ಬಮ್ಮಿಗೆ ಪ್ಯಾಜಮ್ ಅವರನ್ನೇ ಕರೆಸಿಕೊಂಡದ್ದು ಸಹಜವಾಗಿತ್ತು. 1980ರ ದಶಕದ ಪಾಪ್ ಸಂಗೀತದಲ್ಲೆಲ್ಲ ಈ ಸದ್ದು ಹರಡಿತು. ಅದನ್ನು ಕಾಲಿನ್ಸ್ ಅವರಷ್ಟು ಮಿತವಾಗಿ, ಕಾಯಿಸಿ ಕಾಯಿಸಿ ಬಳಸಿದವರು ವಿರಳವೆಂದು ನನಗೆ ಅನಿಸುತ್ತದೆ.

ಗಾಯಕನಾಗುವ ಹೊಣೆ ಅವರಿಗೆ ಅದಕ್ಕಿಂತ ಮೊದಲೇ ಬಂದಿತ್ತು. 1975ರಲ್ಲಿ ಗೇಬ್ರಿಯಲ್ ಹೊರನಡೆದಾಗ ಜೆನೆಸಿಸ್ ಅನೇಕರ ದನಿಯನ್ನು ಪರೀಕ್ಷಿಸಿ, ಕೊನೆಗೆ ತಮ್ಮ ಡ್ರಮ್ಮರನ್ನೇ ಮುಂದಕ್ಕೆ ತಂದಿತು. ಹಾಡುತ್ತ ಡ್ರಮ್ ಬಾರಿಸುವುದು ದೇಹಕ್ಕೆ ಸುಲಭದ ಕೆಲಸವಲ್ಲ. ಎರಡು ಕಾಲುಗಳೂ ಪೆಡಲ್ ಮೇಲಿರುವುದರಿಂದ ಕುಳಿತ ಮೈಯನ್ನು ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳೇ ಸ್ಥಿರವಾಗಿ ಹಿಡಿಯಬೇಕು. ಹಾಡುವಾಗ ಉಸಿರನ್ನು ಅಳೆದು ಬಿಡಬೇಕಾದ ಸ್ನಾಯುಗಳಲ್ಲಿಯೂ ಅವು ಸೇರಿವೆ. ಇದರ ಮೇಲೆ ಮಿದುಳಿನ ಸ್ವಭಾವವೊಂದಿದೆ. ಎರಡು ಚಲನೆಗಳನ್ನು ಒಟ್ಟಿಗೆ ಮಾಡುವಾಗ ಅದು ಅವನ್ನು ಒಂದೇ ಲಯಕ್ಕೆ ಎಳೆಯುತ್ತದೆ, ಆದ್ದರಿಂದ ಕೈಯ ಪೆಟ್ಟಿಗೂ ಹಾಡಿನ ಪದಕ್ಕೂ ಬೇರೆ ಬೇರೆ ನಡೆ ಇಡಲು ದೀರ್ಘ ಅಭ್ಯಾಸ ಬೇಕು. 1980ರ 'ಟರ್ನ್ ಇಟ್ ಆನ್ ಅಗೇನ್' ಹಾಡು 13 ಎಣಿಕೆಯ ಆವರ್ತದಲ್ಲಿದ್ದರೂ ಕೇಳುಗರಿಗೆ ಎಲ್ಲೂ ಎಡವಿದಂತೆ ತೋರದಷ್ಟು ಸಲೀಸಾಗಿ ಅವರು ಅದನ್ನು ಹಾಡಿದ್ದಾರೆ. ವೇದಿಕೆಯಲ್ಲಿ ಮಾತ್ರ ಅವರು ಮುಂದೆ ನಿಂತು ಹಾಡಿದರು. ಡ್ರಮ್ಮಿಗೆ 1976ರಲ್ಲಿ ಬಿಲ್ ಬ್ರೂಫರ್ಡ್, ಮರುವರ್ಷದಿಂದ ಚೆಸ್ಟರ್ ಥಾಂಪ್ಸನ್ ಬಂದರು. ಹಾಡಿಲ್ಲದ ವಾದ್ಯದ ಭಾಗ ಬಂದಾಗ ಕಾಲಿನ್ಸ್ ಹಿಂದಕ್ಕೆ ಓಡಿ ತಮ್ಮ ಎಡಗೈ ಜೋಡಣೆಯ ಡ್ರಮ್ಮಿನ ಮುಂದೆ ಕೂರುತ್ತಿದ್ದರು.

ಆಮೇಲಿನ ಯಶಸ್ಸು ಎಲ್ಲರಿಗೂ ಗೊತ್ತಿರುವಂಥದು: 1985ರ 'ನೋ ಜಾಕೆಟ್ ರಿಕ್ವೈರ್ಡ್'ಗೆ ವರ್ಷದ ಆಲ್ಬಮ್ ಗ್ರ್ಯಾಮಿ, 'ಟಾರ್ಜನ್' ಚಿತ್ರದ ಹಾಡಿಗೆ ಆಸ್ಕರ್. 2000ದಲ್ಲಿ ಅವರ ಎಡಗಿವಿ ಇದ್ದಕ್ಕಿದ್ದಂತೆ ಕೇಳಿಸದಂತಾಯಿತು. ಸದ್ದಿನ ಕಂಪನವನ್ನು ನರಸಂಕೇತವಾಗಿಸುವ ಒಳಕಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. 2009ರಲ್ಲಿ ಕುತ್ತಿಗೆಯ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ತೋಳಿಗೂ ಬೆರಳಿಗೂ ಹೋಗುವ ನರಗಳು ಹೊರಡುವುದು ಕುತ್ತಿಗೆಯ ಭಾಗದಿಂದಲೇ. ಅವು ನೊಂದರೆ ಕೈಗೆ ಏನೂ ಆಗದಿದ್ದರೂ ಬೆರಳಿನ ಹಿಡಿತ ಹೋಗುತ್ತದೆ. 2010ರ 'ಗೋಯಿಂಗ್ ಬ್ಯಾಕ್' ಆಲ್ಬಮ್ಮಿಗೆ ಅವರು ಡ್ರಮ್ ಕೋಲನ್ನು ಕೈಗೆ ಟೇಪಿನಿಂದ ಸುತ್ತಿಕೊಂಡು ಬಾರಿಸಿದರು. ಐದನೆಯ ವಯಸ್ಸಿನಿಂದ ಕೋಲು ಹಿಡಿದಿದ್ದ ಕೈ ಅದು ಎಂದು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಜೆನೆಸಿಸ್ ಕೊನೆಯ ಕಛೇರಿ ನಡೆಸಿತು. ಕಾಲಿನ್ಸ್ ಕುರ್ಚಿಯಲ್ಲಿ ಕುಳಿತು ಹಾಡಿದರು. ಅವರ ಹಿಂದೆ ಡ್ರಮ್ ಬಾರಿಸುತ್ತಿದ್ದವರು ಮಗ ನಿಕ್.